ಚಿಗರಿಯ ಬಾಲ, ಕೆಂಚವ್ವನ ಕಣ್ಣು

ಲೋಕ ಹೊಸದಾಗಿದ್ದ ಕಾಲವದು. ಎಷ್ಟು ಹೊಸದು ಅಂದರೆ, ಯಾವ ಗುಡ್ಡ ಎಲ್ಲಿ ಕೂರಬೇಕು ಅನ್ನುವುದೇ ಇನ್ನೂ ತೀರ್ಮಾನವಾಗಿರಲಿಲ್ಲ. ಒಂದು ಗುಡ್ಡ ಎದ್ದು ಬಂದು ಇನ್ನೊಂದರ ಪಕ್ಕ ಕೂತರೆ, ಅದು "ಸ್ವಲ್ಪ ಆ ಕಡೆ ಸರಿ" ಅಂತ ಗೊಣಗುತ್ತಿತ್ತು. ಪ್ರಾಣಿಗಳು ಮಾತಾಡುತ್ತಿದ್ದವು. ಗಾಳಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆಗ ಕುದುರೆಗಳು ಹೇಗೆ ಬೇಕೋ ಹಾಗೆ ನಿಲ್ಲುತ್ತಿದ್ದವು. ಒಂದರ ಮುಖ ಹಳ್ಳದ ಕಡೆ, ಒಂದರ ಮುಖ ಬೇಲಿಯ ಕಡೆ. ಅವರವರ ನೊಣಕ್ಕೆ ಅವರವರ ಬಾಲ. ಬಾಲ ಬೆನ್ನಿನ ನೊಣ ಓಡಿಸುತ್ತಿತ್ತು, ತೊಡೆಯ ನೊಣ ಓಡಿಸುತ್ತಿತ್ತು, ಕಣ್ಣಿನ ನೊಣಕ್ಕೆ ಮಾತ್ರ ಎಟುಕುತ್ತಿರಲಿಲ್ಲ. ಎಲ್ಲಿಂದ ಎಟುಕಬೇಕು ಹೇಳು? ಬಾಲ ಒಂದು ತುದಿಗೆ, ಕಣ್ಣು ಇನ್ನೊಂದು ತುದಿಗೆ. ಕುದುರೆಯನ್ನು ಮಾಡಿದವನಿಗೆ ಅವತ್ತು ಏನೋ ಅವಸರವಿತ್ತು ಅಂತ ಕಾಣುತ್ತದೆ.

ಆ ಬಯಲಿನಲ್ಲಿ ಲಗಮವ್ವ, ಹಾಲಪ್ಪ ಎಂಬ ಕುರಿಗಾರ ಗಂಡ ಹೆಂಡತಿ ಇದ್ದರು. ಅವರಿಗೆ ಗೋಡೆಯ ಮನೆ ಇರಲಿಲ್ಲ. ಗಡಿಗೆ, ಕಂಬಳಿ, ಕಾಲು ಕಟ್ಟಿದ ಕೋಳಿ, ನಿನ್ನೆ ಹುಟ್ಟಿದ ಕುರಿಮರಿ, ಎಲ್ಲವನ್ನೂ ಕುದುರೆಗಳ ಮೇಲೆ ಹೇರಿಕೊಂಡು ಹುಲ್ಲಿದ್ದಲ್ಲಿಗೆ ಹೋಗುವುದು, ಇಳಿಸುವುದು, ಮತ್ತೆ ಹೇರುವುದು. ಅವರ ಹತ್ತಿರ ಮೂರು ಕುದುರೆಗಳಿದ್ದವು. ಕೆಂಚವ್ವ ಎಲ್ಲರಿಗಿಂತ ಹಿರಿಯಳು, ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಬಾಲ ಒಮ್ಮೆ ಜಾಲಿಮುಳ್ಳಿಗೆ ಸಿಕ್ಕಿ ಅರ್ಧ ಕಿತ್ತುಹೋಗಿತ್ತು. ಅದರ ಮಾತೆತ್ತಿದರೆ ಒದೆ ಗ್ಯಾರಂಟಿ. ಬೂದ್ಯನಿಗೆ ಹೊಟ್ಟೆ ತುಂಬಿದರೆ ಲೋಕವೇ ಒಳ್ಳೆಯದು. ಚುಕ್ಕಿ ಕೆಂಚವ್ವ ಏನಂದರೂ ಹೂಂ ಅನ್ನುವವಳು.

ಆ ವರ್ಷ ಲಗಮವ್ವನಿಗೆ ಅವಳಿ ಕೂಸುಗಳು ಹುಟ್ಟಿದವು. ಖುಷಿಯೋ ಖುಷಿ. ಆದರೆ ಕೂಸುಗಳನ್ನು ಯಾವ ಬೆನ್ನಿನ ಮೇಲೆ ಕೂರಿಸುವುದು? ಮೂರು ಕುದುರೆಗಳ ಮೇಲೂ ಆಗಲೇ ಹೊರೆಯಿತ್ತು. ಮೊದಲ ಮಳೆ ಬಿದ್ದರೆ ಬಯಲೆಲ್ಲ ಕೆಸರು, ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ. ಮಳೆಗೆ ಮುಂಚೆಯೇ ಗಟ್ಟಿ ನೆಲಕ್ಕೆ ಹೊರಡಬೇಕು.

ಹಾಲಪ್ಪ ಸಂತೆಗೆ ಹೋಗಿ, ಒಂದು ಟಗರು ಕೊಟ್ಟು ಒಂದು ಎಳೆಯ ಹೆಣ್ಣುಕುದುರೆಯನ್ನು ಕೊಂಡು ತಂದ. ಸಣಕಲು ಕಾಲು, ದೊಡ್ಡ ಕಣ್ಣು, ನೆಲ ಮುಟ್ಟುವ ಬಾಲ. ಕರಡದ ಒಣಹುಲ್ಲು ಅಲುಗಿದರೂ ಜಿಂಕೆಯಂತೆ ಎಗರುತ್ತಿತ್ತು. ಲಗಮವ್ವ ನಕ್ಕು ಅದಕ್ಕೆ ಚಿಗರಿ ಅಂತ ಹೆಸರಿಟ್ಟಳು.

ಈಗ ನೋಡು, ಕುರಿಗಾರರು ಮಾತ್ರ ಮಾಡಬಹುದಾದ ತಪ್ಪೊಂದನ್ನು ಹಾಲಪ್ಪ ಮಾಡಿದ. ಹೊಸ ಕುರಿಯನ್ನು ಕೊಂಡು ತಂದರೆ ಅವರು ಹಿಂಡಿನ ನಡುವೆ ಎತ್ತಿ ಬಿಡುತ್ತಾರೆ. ಕುರಿಗಳು ಯಾರು ನೀನು ಅಂತ ಕೇಳುವುದಿಲ್ಲ. ಸಂಜೆಯೊಳಗೆ ಅದೂ ಒಂದು ಕುರಿ, ಅಷ್ಟೆ. ಹಾಲಪ್ಪನೂ ಚಿಗರಿಯ ಹಗ್ಗ ಬಿಚ್ಚಿ, ಬೆನ್ನು ತಟ್ಟಿ, ಮೂರು ಕುದುರೆಗಳು ಹುರುಳಿ ತಿನ್ನುತ್ತಿದ್ದ ಜಾಗದ ನಡುವೆಯೇ ಬಿಟ್ಟ.

"ಹೋಗವ್ವಾ, ನಿಮ್ಮ ಮಂದಿ ಅವರು," ಅಂದ.

ಮಂದಿ ಏನು ಮಾಡಿದರು? ಕೆಂಚವ್ವ ಕಿವಿ ಹಿಂದಕ್ಕೆ ಒತ್ತಿ ಹಲ್ಲು ಬಿಟ್ಟಳು.

"ಯಾರ ಹುರುಳೀಗೆ ಬಾಯಿ ಹಾಕ್ತಿ? ನಡೀ ಆಚೆ!"

"ದೊಡ್ಡವ್ವಾ, ನಾ ಸಣ್ಣಾಕಿ ಅದೀನ್ರಿ," ಅಂತ ಚಿಗರಿ, ಎಳೆಯ ಕುದುರೆಮರಿಗಳು ಹಿರಿಯರ ಮುಂದೆ ಮಾಡುವಂತೆ, ಬಾಯಿ ಚಪ್ಪರಿಸಿ ಬೇಡಿಕೊಂಡಿತು. ಬೇಡುವುದು ಮುಗಿಯುವಷ್ಟರಲ್ಲಿ ತೊಡೆಗೆ ಒಂದು ಕಚ್ಚು, ಪಕ್ಕೆಗೆ ಒಂದು ಒದೆ. ಚಿಗರಿ ಹಟ್ಟಿಯ ಮುಳ್ಳಿನ ಬೇಲಿ ಹಾರಿ ಓಡಿಹೋಯಿತು. ಗುಡ್ಡದ ಮೇಲೆ ಕೂತಿದ್ದ ತೋಳ ತುಟಿ ನೆಕ್ಕಿಕೊಂಡಿತು. ಹಿಂಡಿಲ್ಲದ ಕುದುರೆಮರಿ ಅಂದರೆ ಅದಕ್ಕೆ ಹಬ್ಬ. ಹಾಲಪ್ಪ ಏದುಸಿರು ಬಿಡುತ್ತಾ ಓಡಿ, ಹೇಗೋ ಚಿಗರಿಯನ್ನು ಹಿಡಿದು ತಂದ.

"ವಾಸನಿ ಬ್ಯಾರೆ ಐತಲ್ಲ, ಅದಕ ಸಿಟ್ಟು," ಅಂದ ಅವನು. ತಬ್ಬಲಿ ಕುರಿಮರಿಯನ್ನು ಬೇರೆ ತಾಯಿಕುರಿ ಸೇರಿಸಿಕೊಳ್ಳಲಿ ಅಂತ ಕುರಿಗಾರರು ಅದಕ್ಕೆ ಆ ಕುರಿಯ ಸ್ವಂತ ಮರಿಯ ವಾಸನೆ ಸವರಿ ಬಿಡುತ್ತಾರೆ. ಅದೇ ಲೆಕ್ಕದಲ್ಲಿ ಹಾಲಪ್ಪ ಕೆಂಚವ್ವನ ಬೆನ್ನಿಗೆ ಹಾಕುವ ಕಂಬಳಿಯನ್ನು ತಂದು ಚಿಗರಿಯ ಮೇಲೆ ಹೊದಿಸಿದ.

ನಗಬೇಡ ಕೂಸೇ, ಅವನು ಪಾಪ ಒಳ್ಳೆಯ ಮನಸ್ಸಿನಿಂದಲೇ ಹೊದಿಸಿದ್ದು. ಕೆಂಚವ್ವ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಕಳ್ಳಿ! ನನ್ನ ಕಂಬಳಿ ಹೊತಗೊಂಡು ನನ್ನ ಮುಂದನ ಬರ್ತಿ?"

ಮತ್ತೆ ಓಟ. ಮುಂದೆ ಕಂಬಳಿ ಹೊತ್ತ ಚಿಗರಿ, ಹಿಂದೆ ಕೆಂಚವ್ವ, ಅವರ ಹಿಂದೆ ಹಾಲಪ್ಪ, ಎಲ್ಲರಿಗಿಂತ ಹಿಂದೆ ಏನಾಯಿತು ಅಂತ ಕೇಳುತ್ತಾ ಕೋಳಿಗಳು. ಆಮೇಲೆ ಹಾಲಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ಇದನ್ನ ತಿರುಗಿ ಸಂತೀಗೆ ಹೊಡಕೊಂಡು ಹೋಗೂದ," ಅಂದ. ಅದನ್ನು ಕೇಳಿ ಚಿಗರಿಯ ಕಣ್ಣು ತುಂಬಿತು. ಸಂತೆಯ ಗದ್ದಲದಲ್ಲಿ ಯಾರೂ ಇಲ್ಲದೆ ಒಂಟಿಯಾಗಿ ನಿಂತದ್ದು ಅದಕ್ಕೆ ಸಾಕಾಗಿಹೋಗಿತ್ತು.

ಲಗಮವ್ವ ಹುರುಳಿ ತೂರುತ್ತಿದ್ದಳು. ಹೊಟ್ಟು ಹಾರಿಸಲು ಬಂದ ಗಾಳಿ ಸುಮ್ಮನೆ ತನ್ನ ಕೆಲಸ ಮಾಡಿ ಹೋಗುವ ಜಾತಿಯದಲ್ಲ, ಕೇಳಿಯೇ ಬಿಟ್ಟಿತು:

"ಲಗಮವ್ವಾ, ನೀ ಮದುವ್ಯಾಗಿ ಬಂದ ದಿನಾನ ನಿಮ್ಮತ್ತಿ ಸಂಗಾಟ ಒಂದ ಗಂಗಾಳದಾಗ ಉಂಡಿದ್ದೇನ?"

ಲಗಮವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಉಣ್ಣೂದೆಲ್ಲಿ ಬಂತು! ಕಂಬಳಿ ಮರೀಗೆ ನಿಂತು ಬರೇ ದನಿ ಕೇಳತಿದ್ದೆ. ಯಾರು ಸಿಟ್ಟಿನವರು, ಯಾರು ನಗೋರು ಅಂತ ದನಿ ಮ್ಯಾಲನ ತಿಳಕೊಂಡೆ. ಅತ್ತಿ ಮಾರಿ ನೋಡಾಕ ಧೈರ್ಯ ಬಂದದ್ದು ಎಷ್ಟೋ ದಿನದ ಮ್ಯಾಲ."

"ಮತ್ತ ಈ ಹುಡಿಗೀನ್ಯಾಕ ಮೊದಲನೇ ದಿನಾನ ಅತ್ತಿ ಗಂಗಾಳಕ್ಕ ತಳ್ಳಿದ್ರಿ?"

ಲಗಮವ್ವನ ನಗು ನಿಂತಿತು. ಮೊರ ಕೆಳಗಿಟ್ಟು ಗಂಡನನ್ನು ಕರೆದಳು.

"ಏನ್ರಿ, ಕುರಿ ಕಾದು ಕಾದು ನಮಗ ಎಲ್ಲಾರೂ ಕುರೀನ ಕಾಣ್ತಾರ. ಇದು ಕುದುರಿ ಐತ್ರಿ. ಮುಳ್ಳು ತರ್ರಿ, ನಡುವ ಬೇಲಿ ಹಾಕೂಣು."

ಹಟ್ಟಿಯ ನಡುವೆ ಮುಳ್ಳಿನ ಬೇಲಿ ಎದ್ದಿತು. ಆ ಕಡೆ ಮೂರು ಕುದುರೆಗಳು, ಈ ಕಡೆ ಚಿಗರಿ. ಕಾಣಬಹುದು, ಕೇಳಬಹುದು, ಮೂಸಬಹುದು, ಕಚ್ಚಲು ಆಗುವುದಿಲ್ಲ. ಕೆಲವು ದಿನ ಹಾಗೇ ಕಳೆದವು. ಮೊದಲು ಬೂದ್ಯ ಬೇಲಿಯ ಹತ್ತಿರ ಬಂದು ಮೂಗಿಗೆ ಮೂಗು ತಾಗಿಸಿ ಉಸಿರು ಬಿಟ್ಟ. ಲಗಮವ್ವ ಅವನೊಬ್ಬನನ್ನೇ ಈ ಕಡೆ ಬಿಟ್ಟಳು. ಅವನು ಬಂದವನೇ ಚಿಗರಿಯ ಹುಲ್ಲು ತಿಂದ, ಚಿಗರಿ ಅವನ ಹುಲ್ಲು ತಿಂದಿತು, ಸ್ನೇಹವಾಯಿತು.

ಬೂದ್ಯ ಬಂದ ಮೇಲೆ ಚುಕ್ಕಿಯೂ ಬಂದಳು. ಕೊನೆಗೆ ಲಗಮವ್ವ ಬೇಲಿ ಸರಿಸಿದಳು. ಹುರುಳಿಯನ್ನು ಒಂದೇ ಕಡೆ ಸುರಿಯದೆ, ಕುದುರೆಗಳ ಎಣಿಕೆಗಿಂತ ಒಂದು ಗುಡ್ಡೆ ಹೆಚ್ಚಾಗಿ ದೂರ ದೂರ ಇಟ್ಟಳು. ಒಬ್ಬರು ಓಡಿಸಿದರೂ ಇನ್ನೊಂದು ಗುಡ್ಡೆ ಇರುತ್ತಿತ್ತು. ಕೆಂಚವ್ವ ಒದೆಯಲಿಲ್ಲ. ಆದರೆ ಬೇವಿನ ಮರದ ನೆರಳಿಗೆ ಚಿಗರಿ ಕಾಲಿಟ್ಟರೆ ಸಾಕು, ಕಿವಿ ಹಿಂದಕ್ಕೆ ಹೋಗುತ್ತಿತ್ತು. ಚಿಗರಿ ಬಿಸಿಲಿನಲ್ಲೇ ನಿಲ್ಲುತ್ತಿತ್ತು.

ಪಡುವಣದಲ್ಲಿ ಮೋಡ ಕಪ್ಪಾಯಿತು. ಸೆಕೆ ಏರಿತು. ಸೆಕೆಯ ಜೊತೆ ನೊಣಗಳು ದಂಡು ಕಟ್ಟಿಕೊಂಡು ಬಂದವು.

"ಅರ್ಧ ಬಾಲದಾಕಿ ಎಲ್ಲಿ? ಅಲ್ಲೇ ಊಟ!" ಅಂತ ಕೆಂಚವ್ವನ ಕಣ್ಣಿಗೆ ಮುತ್ತಿದವು. ಕೆಂಚವ್ವ ತಲೆ ಕೊಡವಿದಳು, ಮರಕ್ಕೆ ಉಜ್ಜಿದಳು, ಸುತ್ತ ಸುತ್ತಿದಳು. ಕಣ್ಣು ಊದಿಕೊಂಡು ನೀರು ಇಳಿಯುತ್ತಿತ್ತು. ಲಗಮವ್ವ ಬೆಲ್ಲದ ಚೂರು ಹಿಡಿದು ಬಂದರೂ ಹತ್ತಿರ ಸೇರಿಸಲಿಲ್ಲ. ಕಣ್ಣು ಕಾಣದ ಕುದುರೆ ಹಿಂಡನ್ನು ನಡೆಸುವುದು ಹೇಗೆ? ಕೂಸುಗಳನ್ನು ಹೊರುವುದು ಹೇಗೆ?

ಚಿಗರಿಗೆ ನೋಡಲಾಗಲಿಲ್ಲ. ಭಯವೂ ಆಗಿತ್ತು, ಕರುಣೆಯೂ ಬಂದಿತ್ತು. ಎದುರಿಗೆ ಹೋದರೆ ಹಲ್ಲು, ಹಿಂದೆ ಹೋದರೆ ಗೊರಸು. ಹಿರಿಯಳ ಮುಖ ನೋಡುವ ಧೈರ್ಯವಂತೂ ಇಲ್ಲವೇ ಇಲ್ಲ. ಅದಕ್ಕೆ ಚಿಗರಿ ತಲೆ ತಗ್ಗಿಸಿ, ಪಕ್ಕದಿಂದ, ಮುಖ ಆ ಕಡೆ ತಿರುಗಿಸಿಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಬಂತು. ಹೀಗೆ ಬಂದು ಪಕ್ಕಕ್ಕೆ ಪಕ್ಕ ನಿಂತಾಗ ಕೆಂಚವ್ವನ ಮೂಗಿನ ಮುಂದೆಯೇ ಅದರ ಬಾಲ, ಕೆಂಚವ್ವನ ಬಾಲದ ಹತ್ತಿರ ಅದರ ತಲೆ.

"ಏನ ಸೊಕ್ಕ ಇದಕ್ಕ! ನನ್ನ ಮಾರಿ ಮುಂದ ಬಾಲ ತಂದು ನಿಲ್ಲಸೈತಿ!"

ಕೆಂಚವ್ವ ಕಚ್ಚಲು ಬಾಯಿ ತೆರೆದಳು. ಹಾಲಪ್ಪ ಕಣ್ಣು ಮುಚ್ಚಿಕೊಂಡ. ಚಿಗರಿ ಹೆದರಿ ಬಾಲ ಬೀಸಿತು.

ಸುಯ್ಯ್!

ನೊಣಗಳೆಲ್ಲ ಹಾರಿಹೋದವು. ಕೆಂಚವ್ವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮೆಲ್ಲಗೆ ಮುಚ್ಚಿಕೊಂಡಿತು.

"ಇನ್ನೊಮ್ಮಿ ಬೀಸು," ಅಂದಳು.

ಸುಯ್ಯ್!

"ಈ ಕಣ್ಣಿಗೂ."

ಸುಯ್ಯ್! ಸುಯ್ಯ್! ಕೆಂಚವ್ವನ ಕಿವಿ ಮುಂದಕ್ಕೆ ಬಂತು, ತುಟಿ ಜೋಲುಬಿತ್ತು, ಸುಖವಾಗಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದು ಆ ತುದಿಗೆ ನೋಡಿದಳು. ಅಲ್ಲಿ ಚಿಗರಿಯ ಹಣೆಯ ತುಂಬಾ ನೊಣ. ತನ್ನದು ಅರ್ಧ ಬಾಲ, ನಿಜ. ಆದರೆ ಚಿಗರಿ ಗಿಡ್ಡ, ತಲೆಯನ್ನು ಬೇರೆ ತಗ್ಗಿಸಿತ್ತು. ಕೆಂಚವ್ವ ಬೀಸಿದಳು, ಅರ್ಧ ಬಾಲ ಸರಿಯಾಗಿ ಅದರ ಕಣ್ಣಿಗೆ ಎಟುಕಿತು.

"ನೆಳ್ಳಿಗೆ ಸರಿ, ಹುಚ್ಚಿ. ಬಿಸಲಾಗ ಯಾಕ ಸಾಯ್ತಿ?" ಅಂದಳು ಕೆಂಚವ್ವ. ಅವಳ ಬಾಯಿಂದ ಅದಕ್ಕಿಂತ ಸವಿಯಾದ ಮಾತು ಬರುವುದಿಲ್ಲ. ಚಿಗರಿಗೆ ಅಷ್ಟೇ ಸಾಕಾಯಿತು, ಬೇವಿನ ನೆರಳಿಗೆ ಸರಿಯಿತು.

ಬೂದ್ಯ ಮತ್ತು ಚುಕ್ಕಿ ಇದನ್ನು ನೋಡಿದರು. "ನಾವೂ ಹಂಗ ನಿಲ್ಲೂಣೇನ?" ಅಂದ ಬೂದ್ಯ. "ಹೂಂ," ಅಂದಳು ಚುಕ್ಕಿ, ಯಾವತ್ತಿನಂತೆ. ಗಾಳಿ ಈ ಸುದ್ದಿಯನ್ನು ಬಯಲು ಬಯಲಿಗೆ ಹೊತ್ತೊಯ್ದು ಕಂಡ ಕುದುರೆಗೆಲ್ಲ ಹೇಳಿತು.

ಮಾರನೆಯ ಬೆಳಿಗ್ಗೆ ಕೆಂಚವ್ವನ ಕಣ್ಣಿನ ಊತ ಇಳಿದಿತ್ತು, ಹಿಂಡು ಹೊರಟಿತು. ಮುಂದೆ ಕೆಂಚವ್ವ, ಅವಳ ಬೆನ್ನಿನ ಎರಡೂ ಕಡೆ ಜೋಳಿಗೆಯಲ್ಲಿ ಅವಳಿ ಕೂಸುಗಳು. ಅವಳಿಗೆ ಒತ್ತಿಕೊಂಡೇ ಚಿಗರಿ, ಬೆನ್ನಿನ ಮೇಲೆ ಕೋಳಿಗಳು. ಗುಡ್ಡದ ತೋಳ ಹಿಂದೆ ಉಳಿದವರು ಯಾರಾದರೂ ಇದ್ದಾರೆಯೇ ಅಂತ ಕತ್ತು ಚಾಚಿ ನೋಡಿತು. ಯಾರೂ ಇರಲಿಲ್ಲ. ಪಾಪ, ಒಂದು ಮಿಡತೆ ಹಿಡಿದು ತಿಂದಿತು. ಅವರು ಗಟ್ಟಿ ನೆಲ ಮುಟ್ಟಿದ ಮೇಲೆ ಮಳೆ ಬಿತ್ತು.

ಅವತ್ತಿನಿಂದ ಕುದುರೆಗಳು ಮರದ ಕೆಳಗೆ ನಿಂತರೆ, ಒಂದರ ಮುಖಕ್ಕೆ ಇನ್ನೊಂದರ ಬಾಲ ಕೊಟ್ಟು, ಪಕ್ಕಕ್ಕೆ ಪಕ್ಕ ತಾಗಿಸಿ ನಿಲ್ಲುತ್ತವೆ. ನಾಳೆ ಬಿಸಿಲಿನಲ್ಲಿ ಹೋಗಿ ನೋಡು ಕೂಸೇ, ಅವುಗಳಲ್ಲಿ ಮೊನ್ನೆ ಕೊಂಡು ತಂದದ್ದು ಯಾವುದು ಅಂತ ನಿನಗೆ ಗುರುತೇ ಸಿಕ್ಕುವುದಿಲ್ಲ.