ಒಂಬತ್ತವ್ವನ ದಿಬ್ಬ

ಹೊಸಕುಂಟೆಯ ಕೆರೆ ಏರಿ ಇಳಿದು ಎಡಕ್ಕೆ ತಿರುಗಿದರೆ ಬೂದಿಬಣ್ಣದ ಒಂದು ದಿಬ್ಬವಿದೆ. ಅಗೆದರೆ ಮಡಕೆಯ ಚೂರು, ಇನ್ನೂ ಅಗೆದರೆ ಇನ್ನಷ್ಟು ಚೂರು. ನೆತ್ತಿಯ ಮೇಲೆ ಅರಿಸಿನ ಮೆತ್ತಿದ ಮೊಳದುದ್ದದ ಕಲ್ಲು. ಅದೇ ಒಂಬತ್ತವ್ವ. ಊರಿಗೆ ಬಂದ ಮಾರಿಯನ್ನು ಈಕೆ ತನ್ನ ಮೈಮೇಲೆ ಹಾಕಿಕೊಂಡಳು ಎನ್ನುತ್ತಾರೆ. ಹಾಕಿಕೊಂಡಳೋ, ಹೊರಿಸಿದರೋ ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಹಿಂದೆ ಒಮ್ಮೆ, ಈ ದಿಬ್ಬ ಕುಂಬಾರರು ಮಡಕೆ ಸುಡುವ ಆವೆಯಾಗಿದ್ದ ಕಾಲದಲ್ಲಿ, ವಾಂತಿಭೇದಿಗೆ ಎಂಟು ಮನೆಗಳಲ್ಲಿ ಎಂಟು ಜನ ಸತ್ತರು. ಹನ್ನೊಂದನೆಯ ದಿನ ಸತ್ತ ಮನೆಗೆ ಹೊಸ ಮಡಕೆ ಹೋಗಬೇಕು. ಕುಂಬಾರರ ಕೆಂಚವ್ವ ಒಂಬತ್ತು ಮಾಡಿದಳು. ಎಂಟು ಬೇಕಾದರೆ ಒಂಬತ್ತು ಸುಡುವುದು ಅವಳ ಅತ್ತೆಯ ಕಾಲದ ರೂಢಿ. ಬೆಂಕಿಯಲ್ಲಿ ಒಂದಾದರೂ ಸೀಳುತ್ತದೆ. ಆವೆ ಆರಿದ ಮೇಲೆ ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಒಂಬತ್ತೂ ಠಣ್ ಎಂದವು. ಹುಟ್ಟಿದಾಗಿನಿಂದ ಅಷ್ಟು ಚೆನ್ನಾಗಿ ಅವಳು ಸುಟ್ಟಿರಲಿಲ್ಲ.

ಅಂದೇ ಬೆಳಿಗ್ಗೆ ಊರಗೌಡನ ಮಗನಿಗೂ ಭೇದಿ ಹಿಡಿದಿತ್ತು. ಗೌಡ ಜನ ಕಟ್ಟಿಕೊಂಡು ಬಂದ.

“ಒಂಬತ್ತನೇದು ಯಾರಿಗೇ, ಕೆಂಚಿ?”

“ಯಾರಿಗೂ ಅಲ್ಲ ಗೌಡ್ರೇ. ಒಡೆದುಹೋದರೆ ಇರಲಿ ಅಂತ.”

“ಒಡೆದಿಲ್ಲವಲ್ಲ!”

ಅವಳು ಮಡಕೆ ಎತ್ತಿದಳು. “ಈಗ ಒಡೀತೀನಿ, ಬಿಡಿ.”

“ಸಾವಿನ ಮಡಕೆ ಒಡೆದು ಊರೆಲ್ಲ ಹರಡ್ತೀಯೇನೇ? ಯಾರದ್ದು ಹೇಳು. ನಿನ್ನದೋ, ಚೆನ್ನಿದೋ?”

ಚೆನ್ನಿ ಅವಳ ಮಗಳು, ಬಾಣಂತನಕ್ಕೆ ಬಂದಿದ್ದ ತುಂಬು ಬಸುರಿ. ಕೆಂಚವ್ವ ಮಡಕೆಯನ್ನು ತನ್ನ ಮಡಿಲಿಗೆ ಇಳಿಸಿಕೊಂಡಳು.

“ನಂದೇ.”

ಹಾಗಾದರೆ ಸಾವು ಬರುವವರೆಗೆ ಮಡಕೆಯೊಂದಿಗೆ ದಿಬ್ಬದ ಮೇಲೇ ಕೂತಿರು ಎಂದು ತೀರ್ಮಾನವಾಯಿತು. ಬೇಸಿಗೆ. ಕಣ್ಣೆದುರೇ ಕೆರೆ. ಚೆನ್ನಿ ಎರಡು ಸಲ ಚೊಂಬು ಹಿಡಿದು ಬಂದಳು. ಎರಡು ಸಲವೂ ತಳವಾರ ಕೆಳಗೇ ತಡೆದು ನೀರು ಚೆಲ್ಲಿಸಿದ. ಚೆಲ್ಲಿದ ನೀರು ಮಣ್ಣಿಗೆ ಇಂಗುವುದನ್ನು ಕೆಂಚವ್ವ ಮೇಲಿನಿಂದ ನೋಡಿದಳು. ಮಡಕೆ ಮಡಿಲಲ್ಲೇ ಇತ್ತು, ಬರಿದಾಗಿ. ನಾಲ್ಕನೆಯ ದಿನ ಸತ್ತಳು. ದೇವಿ ಕರೆದುಕೊಂಡಳು ಎನ್ನುತ್ತಾರೆ. ಬಿಸಿಲಿನಲ್ಲಿ ನೀರಿಲ್ಲದೆ ಕೂರಿಸಿದರೆ ದೇವಿಗೆ ಹೆಚ್ಚು ಕೆಲಸವಿರುವುದಿಲ್ಲ.

ಮರುದಿನ ಗೌಡನ ಮಗನೂ ಸತ್ತ. ಅವನ ಹನ್ನೊಂದಕ್ಕೆ ಮಡಕೆ ಸಿಗಲಿಲ್ಲ. ಚೆನ್ನಿಯೂ ಉಳಿದ ಕುಂಬಾರರೂ ಅಷ್ಟರಲ್ಲಿ ಊರು ಬಿಟ್ಟಿದ್ದರು.

ಇಂದಿಗೂ ಹೊಸಕುಂಟೆಯಲ್ಲಿ ಕುಂಬಾರರ ಮನೆಯಿಲ್ಲ. ದಿಬ್ಬಕ್ಕೆ ಬಂದವರು ಮಾತ್ರ ಕೆರೆಯಿಂದ ಒಂದು ಚೊಂಬು ನೀರು ತಂದು ಆ ಕಲ್ಲಿಗೆ ಹೊಯ್ಯುತ್ತಾರೆ. ಮೊದಲ ಚೊಂಬು ಗೌಡನ ವಂಶದವರದು. ಯಾರೂ ತಡೆಯುವುದಿಲ್ಲ.