ಬೆಲ್ಲದ ವ್ಯಾಪಾರಿ ಕೊಂಡ ಮೂರು ಪಟ್ಟಿಗಳು

"ಗುರುಗಳೇ, ಇನ್ನೂ ಬಿಗಿಯಾದ ನೇಮ ಯಾವುದಾದರೂ ಇದೆಯೇ?" ಎಂದು ನಿರುಪಾದಿ ಕೇಳಿದ. "ಒಪ್ಪೊತ್ತು ಉಂಡೆ. ಮೌನ ಹಿಡಿದೆ. ಜಪವನ್ನು ಇಮ್ಮಡಿ ಮಾಡಿದೆ. ಮಠಕ್ಕೆ ಬಂದು ಎಂಟು ವರ್ಷವಾಯಿತು. ಧ್ಯಾನಕ್ಕೆ ಕೂತರೆ ಮನಸ್ಸು ಇವತ್ತಿಗೂ ಕಿತ್ತುಕೊಂಡು ಓಡುತ್ತದೆ. ಇದೂ ಆಗದಿದ್ದರೆ ನಾನು ಇಲ್ಲಿದ್ದು ಏನು ಫಲ?"

ಗುರು ಬೂದಯ್ಯನವರು ನಕ್ಕರು. "ಎಲಾ ಇವನ! ನಾನೇನು ನೇಮಗಳ ಅಂಗಡಿ ಇಟ್ಟುಕೊಂಡಿದ್ದೇನೆಯೇ? ಕೂತುಕೋ. ಒಂದು ನಾಯಿಯ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಂದು ಊರು. ಊರ ನಡುವೆ ಒಂದು ಕೆರೆ. ಬೆಳಗಿನ ಹೊತ್ತು ಆ ಕೆರೆಯ ಮೇಲೆ ಮಂಜು ಕೂತಿತೆಂದರೆ, ಏರಿಯ ಮೇಲೆ ನಡೆಯುವವರಿಗೆ ತಾವು ಎಚ್ಚರವಾಗಿದ್ದೇವೋ ಕನಸಿನಲ್ಲಿದ್ದೇವೋ ಎಂದು ಅನುಮಾನ ಬರುತ್ತಿತ್ತು. ಕೆರೆಯ ಆಚೆ ದಂಡೆಯ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಬೆಲ್ಲದ ವ್ಯಾಪಾರಿಗಳು. ಇಬ್ಬರಿಗೂ ಹೆಂಡತಿ ಮಕ್ಕಳಿರಲಿಲ್ಲ. ಒಂದು ದಿನ ಅವರಿಗೆ ಜಗಳವಾಯಿತು. ಯಾತಕ್ಕೆ ಎಂದು ಕೇಳಬೇಡ. ವರ್ಷ ಬಿಟ್ಟು ಕೇಳಿದ್ದರೆ ಅವರೇ ತಡವರಿಸುತ್ತಿದ್ದರು. ಪಾಲು ಮಾಡಿಕೊಡಲು ಹಿರಿಯರು ಬಂದು ಕೂತರು. ಮನೆ ಅಣ್ಣನಿಗೆ, ಅಂಗಡಿ ತಮ್ಮನಿಗೆ ಎಂದಾಯಿತು. ಹಂಡೆ, ಕೊಪ್ಪರಿಗೆ, ಒರಳು, ಒನಕೆ ಎಲ್ಲವನ್ನೂ ಹಂಚಿದರು. ಕೊನೆಗೆ ಜಗಲಿಯ ಮೇಲೆ ಮಲಗಿದ್ದ ನಾಯಿ ಉಳಿಯಿತು.

"ನಾಯಿ ಅವನ ಹತ್ತಿರವೇ ಇರಲಿ" ಎಂದ ಅಣ್ಣ. "ಅವನಿಗೆ ಒಬ್ಬನೇ ಇದ್ದು ರೂಢಿಯಿಲ್ಲ."

ತಮ್ಮನಿಗೆ ಆ ಮಾತು ಚುಚ್ಚಿತು. ನನ್ನ ಮೇಲೆ ಕನಿಕರ ಬೇರೆ ತೋರಿಸುತ್ತಾನೆ, ಎಷ್ಟು ಸೊಕ್ಕು, ಅಂದುಕೊಂಡ. ಆ ಹೊಸಿಲು ಇನ್ನು ತುಳಿಯುವುದಿಲ್ಲ ಎಂದು ಆಣೆ ಇಟ್ಟ. ನಾಯಿಗೆ ಹಗ್ಗ ಕಟ್ಟಿ ಎಳೆದುಕೊಂಡು ಕೆರೆಯ ಈಚೆಗೆ ಬಂದು ಬೇರೆ ಮನೆ ಮಾಡಿದ.

ಬಿಟ್ಟರೆ ನಾಯಿ ಹಳೆಯ ಮನೆಗೆ ಓಡಿಬಿಡುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವನೇ ಹಗ್ಗ ಹಿಡಿದು ಅದನ್ನು ತಿರುಗಾಡಿಸುತ್ತಿದ್ದ. ಅವನು ತೋಪಿನ ಕಡೆ ತಿರುಗಿದರೆ ನಾಯಿ ಏರಿಯ ಕಡೆ ಎಳೆಯುತ್ತಿತ್ತು. ಎಳೆದಾಡುತ್ತಾ ಇಬ್ಬರೂ ಮಂಜಿನೊಳಗೆ ಏರಿಯ ಅರ್ಧದವರೆಗೆ ಹೋಗುತ್ತಿದ್ದರು. ಅಲ್ಲಿಂದ ಅವನು ಅದನ್ನು ದರದರ ಎಳೆದುಕೊಂಡು ವಾಪಸು ಬರುತ್ತಿದ್ದ. ಅಂಗೈ ಸುಲಿದುಹೋಯಿತು. ಹಗ್ಗ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವನದೂ ಅದೇ ಬಾಳು.

ಪೇಟೆಯಲ್ಲಿ ಕುದುರೆಗೆ ಜೀನು ಹೊಲಿಯುವ ಮುದುಕನೊಬ್ಬನಿದ್ದ. ವ್ಯಾಪಾರಿ ಅವನಲ್ಲಿಗೆ ಹೋಗಿ ಒಂದು ತೊಗಲಿನ ಕೊರಳಪಟ್ಟಿ ಹೊಲಿಸಿಕೊಂಡ. ಮೆತ್ತಗಿತ್ತು, ಚೆನ್ನಾಗಿತ್ತು. ನಾಯಿ ಎಳೆದೂ ಎಳೆದೂ ಕೆಮ್ಮತೊಡಗಿತು. ಉಸಿರು ಕಟ್ಟಿದರೂ ಬಿಡಲಿಲ್ಲ. ಅಯ್ಯೋ ಪಾಪ ಎನ್ನಿಸಿ, ಕೊರಳಿಗೆ ಬೇಡ ಎಂದು ಎದೆಪಟ್ಟಿ ಹೊಲಿಸಿದ. ಕೊರಳು ಬಿಡುವಾದ ಮೇಲೆ ಕೇಳಬೇಕೇ! ನಾಯಿ ಎದೆ ಕೊಟ್ಟು ಗಾಡಿ ಎತ್ತಿನ ಹಾಗೆ ಎಳೆಯಿತು. ವ್ಯಾಪಾರಿ ಎರಡು ಸಲ ಮುಗ್ಗರಿಸಿ ಬಿದ್ದ.

ಆ ವಾರವೇ ಅಂಗಡಿಗೆ ಬಂದ ಹೆಂಗಸೊಬ್ಬಳು, "ನಿಮ್ಮಣ್ಣನವರು ಹಾಸಿಗೆ ಹಿಡಿದಿದ್ದಾರಂತೆ. ವೈದ್ಯರು ತಲೆ ಅಲ್ಲಾಡಿಸಿ ಹೋದರಂತೆ" ಎಂದಳು. ಅವನು ಬೆಲ್ಲ ತೂಗಿ ಕೊಟ್ಟ. ಸಂಜೆ ನೆಟ್ಟಗೆ ಜೀನು ಹೊಲಿಯುವವನಲ್ಲಿಗೆ ಹೋಗಿ, "ಇದಕ್ಕಿಂತ ಬಿಗಿಯಾದದ್ದು ಕೊಡು" ಎಂದ.

ಮುದುಕ ಮೂತಿಪಟ್ಟಿ ಕೊಟ್ಟ. ಅದನ್ನು ಕಟ್ಟಿದರೆ ನಾಯಿ ಎಳೆದಾಗಲೆಲ್ಲ ಅದರ ಮುಖ ಹಿಂದಕ್ಕೆ ತಿರುಗುತ್ತದೆ. ಮರುದಿನ ಏರಿಯ ಮೇಲೆ ನಾಯಿ ಎಳೆಯಿತು. ಮುಖ ತಿರುಗಿತು. ಅವನನ್ನು ನೋಡಿತು. ಮತ್ತೆ ಎಳೆಯಿತು, ಮತ್ತೆ ನೋಡಿತು. ಸುತ್ತ ಮಂಜು, ಅದರೊಳಗೆ ಆ ಎರಡು ಕಣ್ಣು. ಅವನಿಗೆ ತಡೆಯಲಾಗಲಿಲ್ಲ. ನಾಯಿಯನ್ನು ಮನೆಯಲ್ಲಿ ಕಟ್ಟಿ, ಮೂತಿಪಟ್ಟಿ ಬಿಚ್ಚಿಕೊಂಡು ಪೇಟೆಗೆ ಓಡಿದ.

"ಎಳೆಯಲೂ ಬಾರದು, ನನ್ನನ್ನು ನೋಡಲೂ ಬಾರದು. ಅಂಥದ್ದು ಹೊಲಿದು ಕೊಡು."

ಮುದುಕ ಸೂಜಿ ಕೆಳಗಿಟ್ಟ. "ಅಲ್ಲ ಯಜಮಾನರೇ, ಅದು ನಿಮ್ಮನ್ನು ಎಳೆಯುವುದಾದರೂ ಎಲ್ಲಿಗೆ?"

"ಎಲ್ಲಿಗೋ."

"ನಿಮಗೆ ಗೊತ್ತಿಲ್ಲವೇ?"

ಗೊತ್ತಿಲ್ಲ ಎನ್ನಲು ವ್ಯಾಪಾರಿಗೆ ಬಾಯಿ ಬರಲಿಲ್ಲ. ಮೊದಲ ದಿನದಿಂದಲೂ ಗೊತ್ತಿತ್ತಲ್ಲ! ಮೂತಿಪಟ್ಟಿಯನ್ನು ಮುದುಕನ ಮುಂದಿಟ್ಟು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಅವನು ಹಳೆಯ ಹಗ್ಗವನ್ನೇ ಕಟ್ಟಿ ನಾಯಿಯ ಹಿಂದೆ ನಡೆದ. ತಿರುಗಿಸಲಿಲ್ಲ, ಜಗ್ಗಲಿಲ್ಲ. ಏರಿಯ ಮೇಲೆ ಕೆರೆ ಯಾವುದು, ಆಕಾಶ ಯಾವುದು ಎಂದು ತಿಳಿಯುತ್ತಿರಲಿಲ್ಲ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂಬಂತಿತ್ತು. ನಾಯಿಯೂ ಕಾಣುತ್ತಿರಲಿಲ್ಲ, ಕೈಯಲ್ಲಿ ಹಗ್ಗ ಮಾತ್ರ ಇತ್ತು. ಅರ್ಧ ದಾರಿ ದಾಟಿತು. ಅಲ್ಲಿಂದ ಮುಂದೆ ನಾಯಿ ಎಳೆಯಲೇ ಇಲ್ಲ. ಅವನು ನಡೆದಷ್ಟೇ ಮೆಲ್ಲಗೆ ತಾನೂ ನಡೆಯಿತು.

ಮಂಜು ಮುಗಿದಲ್ಲಿ ಮನೆ. ಜಗಲಿಯ ಮೇಲೆ ಮಂಚ ಹಾಕಿಸಿಕೊಂಡು ಅಣ್ಣ ಕಂಬಳಿ ಹೊದ್ದು ಮಲಗಿದ್ದ. ಮೈ ಎಲುಬಿನ ಗೂಡಾಗಿತ್ತು.

"ಬಂದೆಯಾ?" ಎಂದ ಅಣ್ಣ. "ದಿನಾ ಏರಿಯ ಮೇಲೆ ನಿಮ್ಮಿಬ್ಬರ ನೆರಳು ಕಾಣುತ್ತಿತ್ತು ಕಣೋ. ಇವತ್ತು ಬರುತ್ತಾನೆ, ಇವತ್ತು ಬರುತ್ತಾನೆ ಅಂದುಕೊಳ್ಳುತ್ತಿದ್ದೆ. ಅರ್ಧಕ್ಕೆ ಬಂದು ತಿರುಗಿಬಿಡುತ್ತಿದ್ದೆಯಲ್ಲೋ, ಪಾಪಿ."

ಅಣ್ಣನ ಕಾಲು ಹಿಡಿದುಕೊಂಡು ತಮ್ಮ ಅತ್ತ. ಹಗ್ಗ ಯಾವಾಗ ಕೈಬಿಟ್ಟಿತೋ ಅವನಿಗೆ ತಿಳಿಯಲಿಲ್ಲ. ನಾಯಿ ಎಲ್ಲಿಗೂ ಹೋಗಲಿಲ್ಲ, ಮಂಚದ ಕೆಳಗೆ ಮಲಗಿತು. ಅಣ್ಣ ಆಮೇಲೆ ಒಂಬತ್ತು ದಿನ ಬದುಕಿದ. ಆ ಒಂಬತ್ತು ದಿನವೂ ಅಂಗಡಿಯ ಬಾಗಿಲನ್ನು ತಮ್ಮ ತೆರೆಯಲಿಲ್ಲ, ಗಂಜಿ ಕುಡಿಸುತ್ತಾ ಪಕ್ಕದಲ್ಲೇ ಕೂತಿದ್ದ. ಪಟ್ಟಿ ಹೊಲಿಸುವುದರಲ್ಲಿ ಅವನು ಕಳೆದದ್ದು ಏಳು ತಿಂಗಳು.

ಬೂದಯ್ಯನವರು ಕತೆ ನಿಲ್ಲಿಸಿದರು.

"ಹಾಗಾದರೆ, ನನ್ನ ನೇಮ?" ಎಂದು ನಿರುಪಾದಿ ಮೆಲ್ಲಗೆ ಕೇಳಿದ.

"ನೇಮಕ್ಕೇನು, ಕೊಡೋಣ. ಕಣ್ಣು ಮುಚ್ಚಿದ ಕೂಡಲೇ ನಿನ್ನ ಮನಸ್ಸು ಯಾರ ಮನೆಯ ಬಾಗಿಲಿಗೆ ಓಡುತ್ತದೆ, ಮೊದಲು ಅದನ್ನು ಹೇಳಿಬಿಡು."