ದಾವಲಸಾಬ ಕಟ್ಟಿದ ಗೇರ್‌ಬಾಕ್ಸು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ. ಶಾಲೆಯೂ ಅಂದೇ ಬಿಟ್ಟುಹೋಯಿತು. ಆಮೇಲೆ ಊರುಗಳು ಬದಲಾದವು, ಗುರುಗಳು ಬದಲಾದರು. ಈ ಮಠದಲ್ಲಿ ಕಾಲು ನಿಂತಿತು ಅಂದುಕೊಳ್ಳುವಷ್ಟರಲ್ಲಿ ಮಹಾರುದ್ರ ಎಂಬ ಹೊಸ ಶಿಷ್ಯ ಬಂದ. ಸಂಜೆ ಭಕ್ತರ ಎದುರು ಮಾತಾಡುವ ಕೆಲಸ ನನ್ನದಾಗಿತ್ತು; ಅದು ಅವನದಾಯಿತು. ಒಂದು ದಿನ ತಡೆಯಲಾರದೆ ಗುರುಗಳನ್ನು ಕೇಳಿದೆ:

“ಸ್ವಾಮಿ, ಮನಸ್ಸು ಕೆಟ್ಟರೆ ಇದ್ದಲ್ಲೇ ಸರಿಮಾಡಿಕೊಳ್ಳಬೇಕೋ, ಜಾಗ ಬದಲಿಸಬೇಕೋ?”

“ಮಹಾರುದ್ರ ಚೆನ್ನಾಗಿ ಮಾತಾಡುತ್ತಾನೆ, ಅಲ್ಲವೇ?” ಎಂದರು ಗುರುಗಳು.

“ಪರವಾಗಿಲ್ಲ,” ಎಂದೆ.

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಹೊಸಪೇಟೆಯ ಆಚೆ ಹೆದ್ದಾರಿಯ ಬದಿಯಲ್ಲಿ ಒಬ್ಬ ಮೇಸ್ತ್ರಿ ಇದ್ದ. ಗಣಿಯಲ್ಲಿ ಓಡುವ ಕೆಲವು ಟಿಪ್ಪರ್ ಲಾರಿಗಳಿಗೆ ಡ್ರೈವರ್ ಗೇರು ಹಾಕಬೇಕಾಗಿಲ್ಲ, ಲಾರಿಯೇ ಬದಲಿಸಿಕೊಳ್ಳುತ್ತದೆ. ಆ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಬಿಚ್ಚಿ ಕಟ್ಟಬಲ್ಲವನು ಆ ದಾರಿಯಲ್ಲಿ ಇವನೊಬ್ಬನೇ. ಜನ ದೂರದಿಂದ ಇವನ ಹೆಸರು ಕೇಳಿಕೊಂಡು ಬರುತ್ತಿದ್ದರು. ಹೀಗಿರುವಾಗ ರಸ್ತೆಯ ಎದುರು ಬದಿಯಲ್ಲಿ ದಾವಲಸಾಬ ಎಂಬವನು ಗ್ಯಾರೇಜು ತೆರೆದ. ಅವನೂ ಅದೇ ಕೆಲಸ ಬಲ್ಲವನು. ಲಾರಿಗಳು ಒಂದೊಂದಾಗಿ ಆ ಬದಿಗೆ ತಿರುಗಿದವು.

ಮೇಸ್ತ್ರಿಗೆ ಹೊಟ್ಟೆಗೇನೂ ಕಡಿಮೆಯಾಗಲಿಲ್ಲ. ಆದರೆ ಬೋಲ್ಟು ಬಿಗಿಯುವಾಗಲೂ ಕಣ್ಣು ರಸ್ತೆಯಾಚೆ. ಅಲ್ಲಿ ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕಂತೆ. ಅಲ್ಲಿಂದ ಒಂದು ಲಾರಿ ಸರಾಗವಾಗಿ ಹೊರಟಿತೆಂದರೆ ಅಂದು ಅವನಿಗೆ ಊಟ ಸೇರದು. ಚಹಾ ತಂದವನನ್ನೂ ಬಿಡುತ್ತಿರಲಿಲ್ಲ. “ಎದುರಿನವರಿಗೆ ಕೊಟ್ಟು ಉಳಿದದ್ದು ತಂದೆಯೇನು?” ಎಂದು ಕೇಳುತ್ತಿದ್ದ.

ಒಮ್ಮೆ ದಾವಲಸಾಬ ಗ್ಯಾರೇಜು ಮುಚ್ಚಿ ಮಗಳ ಊರಿಗೆ ಹೋದ. ಆಗ ಒಬ್ಬ ಲಾರಿಯವ ಮೇಸ್ತ್ರಿಯ ಬಳಿಗೆ ಬಂದ. ಅವನಿಗೆ ಇದ್ದದ್ದು ಒಂದೇ ಟಿಪ್ಪರು. ಅದು ನಿಂತರೆ ಮನೆಯ ಒಲೆಯೂ ನಿಲ್ಲುತ್ತದೆ.

“ಏರಿನ್ಯಾಗ ಎಂಜಿನ್ ಕೂಗತೈತ್ರಿ, ಗಾಡಿ ಮುಂದಕ್ಕ ಹೋಗವಲ್ದು. ಬಾಕ್ಸ್ ಬಿಚ್ಚಿ ಕಟ್ಟಿಸಲೋ, ಪೂರಾ ಬಾಕ್ಸೇ ಬದಲಿ ಮಾಡಿಸಲೋ? ನೀವು ಹೇಳಿದಂಗ ಮಾಡತೀನಿ.”

“ಹಿಂದ ಯಾರು ಕಟ್ಟಿದ್ದು?”

“ದಾವಲಸಾಬಣ್ಣ. ಅಂವನ ಕೈ ಅಂದ್ರ ಕೈ ಬಿಡ್ರಿ. ಅಂವ ಊರಾಗಿಲ್ಲಂತ ನಿಮ್ಮ ಕಡೆ ಬಂದೆ.”

ಮೇಸ್ತ್ರಿ ಕೇಳಿಯೂ ಕೇಳದವನಂತೆ ಜಾಕಿ ಹಚ್ಚಿದ. ಆ ಹುರುಪಿನಿಂದ ಯಾರೂ ಗೇರ್‌ಬಾಕ್ಸು ಇಳಿಸಿರಲಿಕ್ಕಿಲ್ಲ. ಒಳಗೆ ದಾವಲಸಾಬನ ತಪ್ಪು ಸಿಗುತ್ತದೆ, ಅದನ್ನು ಅಂಗೈಯಲ್ಲಿ ಹಿಡಿದು ಹೆದ್ದಾರಿಗೆಲ್ಲ ತೋರಿಸಬಹುದು ಎಂಬ ಆಸೆ. ಬಿಚ್ಚಿದ. ಕ್ಲಚ್ ಪ್ಲೇಟುಗಳು ಸುಟ್ಟು ಕರಿದಾಗಿದ್ದವು. ಆದರೆ ಸೀಲು ಸರಿ ಇತ್ತು. ರಿಂಗು ಸರಿ ಇತ್ತು. ಒಂದು ಬೋಲ್ಟೂ ಸಡಿಲ ಇರಲಿಲ್ಲ. ತಾನು ಕಟ್ಟಿದ್ದರೂ ಹೀಗೇ ಕಟ್ಟುತ್ತಿದ್ದ. ಒಂದು ಕಡೆಯಂತೂ ದಾವಲಸಾಬ ತನಗಿಂತ ಚೆನ್ನಾಗಿ ಕೂರಿಸಿದ್ದ. ನೋಡಿದಷ್ಟೂ ಹೊಟ್ಟೆ ಉರಿಯಿತು. ಪ್ಲೇಟು ಸುಟ್ಟದ್ದು ಏಕೆ ಎಂದು ಕೇಳಿಕೊಳ್ಳಬೇಕಾದವನು, ಇವನು ಇಷ್ಟು ಚೆನ್ನಾಗಿ ಕಟ್ಟಿದ್ದು ಏಕೆ ಎಂದು ಕೇಳಿಕೊಂಡ.

ಹೊಸ ಪ್ಲೇಟು ಹಾಕಿ ಅದನ್ನೇ ಮತ್ತೆ ಕಟ್ಟಲು ಬರುತ್ತಿತ್ತು. ಆದರೆ ಕಟ್ಟಿದರೆ ದಾವಲಸಾಬನ ಕೆಲಸ ಲಾರಿಯಲ್ಲೇ ಉಳಿಯುತ್ತದೆ. ಲಾರಿ ಓಡಿದರೆ ಹೆಸರು ಅವನಿಗೆ.

“ಒಳಗೆಲ್ಲ ಹಾಳು ಕೆಲಸ. ಕಟ್ಟಿದ್ರ ನಿಲ್ಲಂಗಿಲ್ಲ. ಬದಲಿ ಬಾಕ್ಸ್ ಹಾಕಿಸು,” ಎಂದ.

ಲಾರಿಯವ ನಂಬಿದ. ಗಣಿಯಲ್ಲಿ ಮೂಲೆ ಸೇರಿದ್ದ ಒಂದು ಟಿಪ್ಪರಿನ ಗೇರ್‌ಬಾಕ್ಸನ್ನು ಹೇಗೋ ಹೊಂದಿಸಿ ತಂದ. ಮೇಸ್ತ್ರಿ ಅದನ್ನು ಕೂರಿಸಿದ. ಲಾರಿ ಹೊರಟಿತು. ಮೇಸ್ತ್ರಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಕೆಲವೇ ದಿನಗಳಲ್ಲಿ ಅದೇ ಏರಿನಲ್ಲಿ ಲಾರಿ ಮತ್ತೆ ನಿಂತಿತು. ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ದಾವಲಸಾಬ ಊರಿಗೆ ಬಂದಿದ್ದ. ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದ ಲಾರಿಯವ ಯಾವ ಬದಿಗೆ ಹೋಗಬೇಕೆಂದು ತಿಳಿಯದೆ ರಸ್ತೆಯಲ್ಲೇ ನಿಂತ. ದಾವಲಸಾಬ ತಾನೇ ಎದ್ದು ಬಂದ. ಮೇಸ್ತ್ರಿಯೂ ಬಂದ.

ದಾವಲಸಾಬ ಗೇರ್‌ಬಾಕ್ಸನ್ನು ಮುಟ್ಟಲಿಲ್ಲ. ಲಾರಿಯ ಮುಂದೆ ಹೋಗಿ, ಎಣ್ಣೆ ಹಿಂತಿರುಗುವ ಕೊಳವೆ ಸಡಿಲಿಸಿ, ಎಂಜಿನ್ ಚಾಲೂ ಮಾಡಿಸಿದ. ಧಾರೆಯಾಗಿ ಬರಬೇಕಾದ ಎಣ್ಣೆ ತೊಟ್ಟಿಕ್ಕಿತು.

“ಬಾಕ್ಸಿನ ಎಣ್ಣೆ ಈ ಕೂಲರ್ ಜಾಲರಿಯೊಳಗ ಹಾದು ತಂಪಾಗಿ ವಾಪಸ್ ಹೋಗಬೇಕು. ಜಾಲರಿ ಕಟ್ಟಿಕೊಂಡೈತಿ. ಯಾವ ಬಾಕ್ಸ್ ಹಾಕಿದ್ರೂ ಸುಡತೈತಿ,” ಎಂದು ಲಾರಿಯವನ ಕಡೆ ತಿರುಗಿದ. “ಹಿಂದ ಕಟ್ಟಿದಾಗ ನಾ ಇದನ್ನ ತೊಳೀಬೇಕಿತ್ತು. ತೊಳೀಲಿಲ್ಲ. ತಪ್ಪು ನಂದೋ ತಮ್ಮಾ.”

ಮೇಸ್ತ್ರಿ ಹುಡುಕಿದ್ದ ತಪ್ಪು ಅದೇ. ಗೇರ್‌ಬಾಕ್ಸಿನ ಹೊರಗೆ, ಕೈಗೆ ಎಟಕುವಲ್ಲೇ ಇತ್ತು. ಈಗ ಅದನ್ನು ದಾವಲಸಾಬ ತಾನೇ ತೆಗೆದು ಎಲ್ಲರ ಎದುರು ಇಟ್ಟುಬಿಟ್ಟಿದ್ದ.

ಲಾರಿಯವ ಸಿಟ್ಟಾಗಲಿಲ್ಲ. “ಹಿಂಗ ಒಪ್ಪಿಕೊಳ್ಳೋರು ಎಲ್ಲಿ ಸಿಗತಾರಣ್ಣಾ? ಜಾಲರಿ ತೊಳದು ನೀನೇ ಕಟ್ಟಿಕೊಡು,” ಎಂದು ದಾವಲಸಾಬನ ಕೈ ಹಿಡಿದುಕೊಂಡ. ಆಮೇಲೆ ಮೇಸ್ತ್ರಿಯನ್ನು ನೋಡಿ, “ಹಾಳು ಕೆಲಸ ಅಂದ್ರಲ್ಲ, ಆ ಹಳೇ ಬಾಕ್ಸ್ ಎಲ್ಲೈತ್ರಿ?” ಎಂದ.

“ಅದಿರಲಿ ಬಿಡೋ,” ಎಂದ ದಾವಲಸಾಬ. “ಬರ್ರಿ ಮೇಸ್ತ್ರಿ, ಇಬ್ರೂ ಕೂಡಿ ಕಟ್ಟೋಣು.”

ಮೇಸ್ತ್ರಿಗೆ ದಾವಲಸಾಬನ ಕೈಚಳಕವನ್ನಾದರೂ ತಡೆದುಕೊಳ್ಳಬಹುದಿತ್ತು. ತಪ್ಪು ಮಾಡಿಯೂ ಅವನು ಹೆಸರು ಗಳಿಸಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಬೇರೆ ಕೆಲಸ ಇದೆಯೆಂದು ಹೇಳಿ ತನ್ನ ಬದಿಗೆ ಹೋದ. ಸ್ಪ್ಯಾನರುಗಳನ್ನು ಪೆಟ್ಟಿಗೆಗೆ ತುಂಬಿದ. ಮರುದಿನವೇ ಆ ಊರು ಬಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಕೇಳುತ್ತಲೇ ನಾನು ಪಂಚೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡಿದ್ದೆ.

“ಹೋದ ಊರಿನಲ್ಲಾದರೂ ಅವನಿಗೆ ನೆಮ್ಮದಿ ಸಿಕ್ಕಿತೇ?” ಎಂದು ಕೇಳಿದೆ.

“ಅಲ್ಲಿಯೂ ಒಬ್ಬ ಒಳ್ಳೆಯ ಮೇಸ್ತ್ರಿ ಇದ್ದ,” ಎಂದರು ಗುರುಗಳು.

ನಾನು ಕಂಬಳಿ ಸುತ್ತತೊಡಗಿದೆ.